ಹನ್ನೆರಡಕ್ಕೆ ಮೂರು ನಿಮಿಷ

ಹನ್ನೊಂದೂವರೆ ದಾಟಿತು, ಬೇಗ ನಡೆಯಿರಿ. ತಡವಾದರೆ ಕೂರಲು ಜಾಗ ಸಿಗದು. ಇದು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ, ಮೂಸಿ ನದಿಯ ದಕ್ಷಿಣ ದಂಡೆ. ಇಟಲಿಯ ಬೆಂಜೋನಿ 1876ರಲ್ಲಿ ಅಮೃತಶಿಲೆಯಲ್ಲಿ ಕಡೆದ ಮುಸುಕಿನ ರೆಬೆಕ್ಕಾಳನ್ನು ಊಟವಾದ ಮೇಲೂ ನೋಡಬಹುದು. ಇಲ್ಲಿನ ಬೊಂಬೆ ಆಡುವ ಗಡಿಯಾರದಲ್ಲಿರುವ ಗಡ್ಡದ ಮನುಷ್ಯನ ಮಾತು ಹಾಗಲ್ಲ. ಮ್ಯೂಸಿಯಂ ತೆರೆದಿರುವ ಹೊತ್ತಿನಲ್ಲಿ ಅವನು ಹನ್ನೆರಡು ಪೆಟ್ಟು ಹೊಡೆಯುವುದು ಒಂದೇ ಸಲ.

ಕುರ್ಚಿಗಳು ಆಗಲೇ ತುಂಬುತ್ತಿವೆ. ಶಾಲೆಯ ಮಕ್ಕಳು, ಬುರ್ಖಾ ತೊಟ್ಟ ಅಜ್ಜಿಯರು, ಹೆಗಲ ಮೇಲೆ ಕೂಸನ್ನು ಹೊತ್ತ ಅಪ್ಪಂದಿರು. ತೆಲುಗು, ದಖನಿಗಳ ನಡುವೆ ಕಲಬುರಗಿ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ನಿಮ್ಮ ಪಕ್ಕಕ್ಕೆ ಕೂತವರು ನನ್ನ ಸೋದರಮಾವ, ಹಳಿಯಾಳದ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಲೇ ತಲೆ ಬೆಳ್ಳಗಾದವರು. ಎಲ್ಲರ ಕಣ್ಣೂ ಗಡಿಯಾರದ ಪುಟ್ಟ ಬಾಗಿಲ ಮೇಲಿದ್ದರೆ ಅವರ ಕಣ್ಣು ಅದರೊಳಗಿನ ಕಮ್ಮಾರನ ಮೇಲೆ. ಬೊಗಸೆಯಲ್ಲಿ ಹಿಡಿಸುವಷ್ಟೇ ಇರುವ ಆ ಬೊಂಬೆ ಸುತ್ತಿಗೆ ಎತ್ತುತ್ತದೆ, ಇಳಿಸುತ್ತದೆ. ಸೆಕೆಂಡಿಗೊಂದು ಏಟು, ಬಿಡುವೇ ಇಲ್ಲ.

"ಬಾಗಲಾ ಆಮ್ಯಾಲ ನೋಡಿಯಂತ, ಮದಲ ಆ ಸುತ್ತಿಗಿ ನೋಡಪಾ. ಒಂದ ಏಟರ ಹಿಂದ ಮುಂದ ಆಗ್ತದೇನು?"

ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ತಯಾರಾದ 350ಕ್ಕೂ ಹೆಚ್ಚು ಬಿಡಿಭಾಗಗಳನ್ನು ತರಿಸಿ ಕಲ್ಕತ್ತೆಯ ಕುಕ್ ಆಂಡ್ ಕೆಲ್ವಿ ಕಂಪನಿ ಜೋಡಿಸಿಕೊಟ್ಟ ಹತ್ತೊಂಬತ್ತನೆಯ ಶತಮಾನದ ಯಂತ್ರ ಇದು. ಇಂಥ ಗಡಿಯಾರಗಳಲ್ಲಿ ಮುಳ್ಳು ತಿರುಗಿಸುವ ಗಾಲಿಗಳ ಸಾಲು ಬೇರೆ, ತಾಸು ಹೊಡೆಯುವ ಸಾಲು ಬೇರೆ. ಹೊಡೆಯುವ ಸಾಲನ್ನು ಒಂದು ಕೊಂಡಿ ತಡೆದು ಹಿಡಿದಿರುತ್ತದೆ. ಹಳೆಯ ಗೋಡೆ ಗಡಿಯಾರ ಇರುವ ಮನೆಯವರಿಗೆ ಇದರ ಸದ್ದು ಗೊತ್ತು: ತಾಸಿಗೆ ಕೆಲವು ನಿಮಿಷ ಮೊದಲು ಒಳಗೆಲ್ಲೋ 'ಕಟಕ್' ಅನ್ನುತ್ತದೆ. ಕೊಂಡಿ ಸಡಿಲಾಗಿ, ಗಾಲಿ ಚೂರು ಓಡಿ, ಮತ್ತೊಂದು ತಡೆಗೆ ಬಡಿದು ನಿಂತ ಸದ್ದು ಅದು. ಗಡಿಯಾರ ಹೊಡೆಯಲು ಸಜ್ಜಾಯಿತು ಎಂದರ್ಥ.

ಹನ್ನೆರಡಕ್ಕೆ ಮೂರು ನಿಮಿಷ. ಬಾಗಿಲು ತೆರೆಯಿತು!

ಮಕ್ಕಳು ಹೋ ಎನ್ನುತ್ತಾರೆ. ಮೊಬೈಲುಗಳು ಒಟ್ಟಿಗೇ ಮೇಲೇಳುತ್ತವೆ. ಗಡ್ಡದ ಕಾವಲುಗಾರ ಹೊರಗೆ ಬಂದು ಗಂಟೆಯ ಮುಂದೆ ನಿಲ್ಲುತ್ತಾನೆ. ಇನ್ನು ಮೂರು ನಿಮಿಷ ಅವನೂ ಕಾಯಬೇಕು, ನಾವೂ ಕಾಯಬೇಕು.

ಈ ಮೂರು ನಿಮಿಷದಲ್ಲಿ ಕೊಪ್ಪಳದ ಮಾತು ಹೇಳಿಬಿಡುತ್ತೇನೆ. ಈ ಸಂಗ್ರಹದ ಒಡೆಯ ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, ನಿಜಾಮರ ದಿವಾನನಾಗಿದ್ದವನು. ಮದುವೆಯಾಗಲಿಲ್ಲ; ಬಂದ ಹಣವನ್ನೆಲ್ಲ ಕಲಾವಸ್ತುಗಳಿಗೆ ಸುರಿದು 1949ರಲ್ಲಿ ತೀರಿಕೊಂಡ. 1951ರ ಡಿಸೆಂಬರಿನಲ್ಲಿ ನೆಹರೂ ಅವನ ಮನೆ ದಿವಾನ್ ದೇವಡಿಯಲ್ಲೇ ಮ್ಯೂಸಿಯಂ ತೆರೆದರು. ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ. ಆ ಮನೆತನಕ್ಕೆ ಹಣ ಬರುತ್ತಿದ್ದ ಜಹಗೀರುಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಎರೆಹೊಲದಲ್ಲಿ ಜೋಳ ಬಿತ್ತಿದ ರೈತರ ಕಂದಾಯ ಈ ಖಜಾನೆಗೆ ಹರಿಯುತ್ತಿತ್ತು. ಆದ್ದರಿಂದ ಇಲ್ಲಿ ಕೂತ ಕನ್ನಡಿಗ ಪರರ ವೈಭವ ನೋಡಲು ಬಂದ ಅತಿಥಿಯಲ್ಲ ಎಂದೇ ನನ್ನ ಭಾವನೆ.

ಕರ್ನಾಟಕದೊಳಗೂ ಇದರ ಬಳಗವಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಫ್ರೆಂಚ್ ಗಡಿಯಾರದಲ್ಲಿ ಸೆಕೆಂಡಿಗೆ ಡೋಲು, ನಿಮಿಷಕ್ಕೆ ಕಹಳೆ, ತಾಸಿಗೆ ಪುಟಾಣಿ ಸಿಪಾಯಿಗಳ ಕವಾಯತು.

ಶ್! ಮೊದಲ ಪೆಟ್ಟು.

ಕೈ ಎದ್ದು ಬೀಳುತ್ತದೆ. ಎರಡು. ಮೂರು. ಮಕ್ಕಳು ಒಂದೇ ದನಿಯಲ್ಲಿ ಎಣಿಸುತ್ತಾರೆ. ಅಜ್ಜಿಯರ ತುಟಿಯೂ ಅಲ್ಲಾಡುತ್ತದೆ. ಮಾಮಾ ಕಣ್ಣು ಮುಚ್ಚಿಕೊಂಡು ಪೆಟ್ಟು ಪೆಟ್ಟಿನ ನಡುವಿನ ಅಂತರ ಅಳೆಯುತ್ತಿದ್ದಾರೆ. ಗಾಲಿಯ ಅಚ್ಚು ಕೂರುವ ತೂತು ಸವೆದಿದ್ದರೆ, ಎಣ್ಣೆ ಅಂಟಾಗಿದ್ದರೆ, ಕೊನೆಯ ಪೆಟ್ಟುಗಳು ಸೋತು ಬೀಳುತ್ತವಂತೆ. ಹತ್ತು. ಹನ್ನೊಂದು. ಹನ್ನೆರಡನೆಯದೂ ಮೊದಲನೆಯದರಷ್ಟೇ ಗಟ್ಟಿ. ಕಾವಲುಗಾರ ಒಳಗೆ ಹೋದ. ಬಾಗಿಲು ಮುಚ್ಚಿತು. ಚಪ್ಪಾಳೆ.

"ಮಾಮಾ, ಇದಕ್ಕ ಎಷ್ಟ್ ರೊಕ್ಕ ಆಗಬಹುದ್ರಿ?"

"ಇದನ್ನ ಯಾರ್ ಮಾರ್ತಾರ? ಜೋಯಿಡಾದವ್ರ ಮನ್ಯಾಗಿಂದು ಕೇಳು, ಅದರ ಲೆಕ್ಕಾ ಹೇಳ್ತೇನಿ."

ಜೋಯಿಡಾದ ಒಂದು ತೋಟದ ಮನೆಯಲ್ಲಿ ಜರ್ಮನಿಯ ಹಳೆಯ ಕುಕ್ಕೂ ಗಡಿಯಾರವಿದೆ. ಪೈನ್ ಕಾಯಿಯ ಆಕಾರದ ಕಬ್ಬಿಣದ ಗುಂಡು, ಸರಪಳಿ, ಮೇಲೆ ಕೆತ್ತಿದ ಎಲೆಗಳು. ತಾಸಿಗೆ ಹಕ್ಕಿ ಹೊರಗೆ ಬರುತ್ತದೆ, ಕೊಕ್ಕು ತೆರೆಯುತ್ತದೆ, ದನಿ ಮಾತ್ರ ಇಲ್ಲ. ಪೆಟ್ಟಿಗೆಯ ಒಳಗೆ ಎರಡು ಮರದ ಪೀಪಿಗಳು, ಒಂದಕ್ಕೆ 'ಕು' ದನಿ, ಇನ್ನೊಂದಕ್ಕೆ 'ಕೂ'. ಪ್ರತಿಯೊಂದರ ತಲೆಯ ಮೇಲೂ ಬೆಂಕಿಪೊಟ್ಟಣದಷ್ಟು ಚಿಕ್ಕ ತಿದಿ. ಜೋಯಿಡಾದ ಮಳೆಗಾಲದ ಥಂಡಿಗೆ ಆ ತಿದಿಯ ಹೊದಿಕೆ ಮೆತ್ತಗಾಗಿ ಮಡಿಕೆಯಲ್ಲಿ ಸೀಳಿದೆ. ಗಾಳಿ ಅಲ್ಲೇ ಸೋರಿಹೋಗುತ್ತದೆ. ಹಳೆಯ ಸಾಮಾನು ಕೊಳ್ಳುವ ಒಬ್ಬ ವ್ಯಾಪಾರಿ ಬಂದು, ಒಳಗಿನ ಯಂತ್ರ ತೆಗೆದು ಸೆಲ್ಲಿನ ಮಷೀನು ಕೂರಿಸಿಕೊಡುತ್ತೇನೆ, ಹಳೇ ಹಿತ್ತಾಳೆ ನನಗೆ ಬಿಡಿ, ಎಂದಿದ್ದಾನೆ.

ಕುರ್ಚಿಗಳು ಖಾಲಿಯಾಗಿವೆ. ಮಾಮಾ ಏಳುವುದಿಲ್ಲ. ಬೆರಳು ಮಡಚುತ್ತ ಲೆಕ್ಕ ಒಪ್ಪಿಸುತ್ತಾರೆ. ಬೊಂಬೆ ಆಡುವ ಗಡಿಯಾರಕ್ಕೆ ಬೆಲೆ ಕಟ್ಟುವವನು ಮೊದಲು ಹಿಂಬದಿ ತೆರೆಯುತ್ತಾನೆ. ಪೆಟ್ಟಿಗೆಯೂ ಯಂತ್ರವೂ ಹುಟ್ಟಿನಿಂದ ಜೊತೆಗಿದ್ದವೇ, ಇಲ್ಲ ಎರಡು ಗಡಿಯಾರ ಸೇರಿಸಿ ಒಂದು ಮಾಡಿದ್ದೇ? ಬೇರೆ ಯಂತ್ರ ಕೂತಿದ್ದ ಹಳೆಯ ಮೊಳೆತೂತುಗಳು ಮರದಲ್ಲಿ ಇವೆಯೇ? ತಯಾರಕನ ಹೆಸರು ಡಯಲಿನ ಮೇಲೆ ಮಾತ್ರ ಇದೆಯೋ, ಹಿತ್ತಾಳೆ ಫಲಕದ ಮೇಲೂ ಇದೆಯೋ? ಬೊಂಬೆಯ ಬಣ್ಣ ಮೂಲದ್ದೇ? ಹೊಸ ಪಾಲಿಶು ಹೊಡೆದು ಫಳಫಳ ಮಾಡಿದರೆ ಬೆಲೆ ಇಳಿಯುತ್ತದೆ. ಸೆಲ್ಲಿನ ಮಷೀನು ಕೂತಿತೋ, ಹಳೆಯ ವಸ್ತುವೆಂಬ ಬೆಲೆ ಬಹುತೇಕ ಅಲ್ಲಿಗೇ ಹೋಯಿತು. ಹರಿದ ತಿದಿಗೆ ಹೆದರಬೇಕಾಗಿಲ್ಲ; ತೆಳು ತೊಗಲು ಅಂಟಿಸಿದರೆ ಹಕ್ಕಿ ಮತ್ತೆ ಕೂಗುತ್ತದೆ. ಇನ್ನೊಂದು ಮಾತು, 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕುಶಲ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಪರದೇಶದ ಗಿರಾಕಿಯ ಆಸೆ ತೋರಿಸುವವನನ್ನು ನಂಬಬಾರದು.

ಲೆಕ್ಕ ಮುಗಿಸಿ ಮಾಮಾ ಅಲ್ಲೇ ಕಾವಲಿಗಿದ್ದ ಸಿಬ್ಬಂದಿಯ ಹತ್ತಿರ ಹೋಗಿ, ಇದಕ್ಕೆ ಚಾವಿ ಕೊಡುವವರು ಯಾರು ಎಂದು ತಮ್ಮ ಹರಕು ಹಿಂದಿಯಲ್ಲಿ ಕೇಳಿದರು. ಅವರು ನಕ್ಕು, ಅದಕ್ಕೇ ಬೇರೆ ಜನ ಇದ್ದಾರೆ ಎಂದರು. ಆ ಜನರಿಗೆ ನನ್ನ ನಮಸ್ಕಾರ ಹೇಳಿ, ಎಂದು ಇವರು ಕೈಮುಗಿದರು. ಬಾಗಿಲ ಹೊರಗೆ ಬಂದವರೇ ಜೋಯಿಡಾಕ್ಕೆ ಫೋನು ಹಚ್ಚಿದರು.

"ಹಲೋ, ಅಕ್ಕಾರ? ನಾನ್ರಿ, ಹಳಿಯಾಳದ ಗಡಿಯಾರದವ. ಅಂವಾ ಬಂದ್ರ ಪೆಟಗಿ ಮುಟ್ಟಸಬ್ಯಾಡ್ರಿ. ಹಕ್ಕಿ ಕೂಗಸೂದು ನನ್ನ ಜವಾಬ್ದಾರಿ. ಸೋಮವಾರ ಮುಂಜಾನೆ ಬಸ್ಸಿಗೆ ಬರ್ತೇನಿ, ಗುಂಡು ಎರಡೂ ಜ್ವಾಕಿ ಮಾಡಿ ಇಡ್ರಿ."