ಎಲ್ ಪಾಸೊ: ಗಣಿ ಕಾಲೇಜಿನ ಹುಡುಗರು ಗೆದ್ದ ವರ್ಷ

ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮದ ತುತ್ತತುದಿಯಲ್ಲಿದೆ ಎಲ್ ಪಾಸೊ ನಗರ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹೆಸರಿಗೆ ಕಣಿವೆದಾರಿ ಎಂದು ಅರ್ಥ. ಫ್ರಾಂಕ್ಲಿನ್ ಬೆಟ್ಟಸಾಲು ಊರಿನ ನಡುವೆಯೇ ಚಾಚಿಕೊಂಡಿದೆ. ತಪ್ಪಲಲ್ಲಿ ರಿಯೊ ಗ್ರಾಂಡ್ ನದಿ. ನದಿಯಾಚೆ ಮೆಕ್ಸಿಕೊ ದೇಶದ ಹ್ವಾರೆಜ್ ನಗರ. ಸೇತುವೆ ದಾಟಿದರೆ ಸಾಕು, ದೇಶವೇ ಬೇರೆ! ಸಮುದ್ರಮಟ್ಟದಿಂದ ಸುಮಾರು 1,140 ಮೀಟರ್ ಎತ್ತರದಲ್ಲಿರುವ ಈ ಊರು ಚಿಹುವಾಹುವಾ ಮರುಭೂಮಿಗೆ ಸೇರಿದ್ದು. ವರ್ಷಕ್ಕೆ ಬೀಳುವ ಮಳೆ ಒಂಬತ್ತು ಅಂಗುಲದ ಆಸುಪಾಸು. ಟೆಕ್ಸಾಸಿನ ಹೆಚ್ಚಿನ ಭಾಗಕ್ಕಿಂತ ಇಲ್ಲಿನ ಗಡಿಯಾರವೂ ಒಂದು ಗಂಟೆ ಹಿಂದೆ.

ಇಂಥ ಮೂಲೆಯ ಊರಿನ ಕಾಲೇಜೊಂದು 1966ರಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದು ಬರೀ ಆಟದ ಗೆಲುವಾಗಿ ಉಳಿಯಲಿಲ್ಲ. ಚರ್ಮದ ಬಣ್ಣ ನೋಡಿ ಮನುಷ್ಯರನ್ನು ಅಳೆಯುತ್ತಿದ್ದ ಒಂದು ಸಮಾಜಕ್ಕೆ ಆ ರಾತ್ರಿ ಉತ್ತರವೊಂದು ಸಿಕ್ಕಿತು.

ಮರುಭೂಮಿಯಲ್ಲಿ ಭೂತಾನ್

ಕಾಲೇಜಿನ ಆವರಣಕ್ಕೆ ಕಾಲಿಟ್ಟವರು ಮೊದಲು ಬೆರಗಾಗುವುದು ಅಲ್ಲಿನ ಕಟ್ಟಡಗಳನ್ನು ಕಂಡು. ಬುಡದಲ್ಲಿ ದಪ್ಪವಾಗಿ ಮೇಲಕ್ಕೆ ಹೋದಂತೆ ಒಳಕ್ಕೆ ವಾಲುವ ಗೋಡೆಗಳು, ಹೊರಚಾಚಿದ ಅಗಲವಾದ ಸೂರು, ಸೂರಿನ ಕೆಳಗೆ ಕೆಂಪು ಇಟ್ಟಿಗೆಯ ಪಟ್ಟಿ. ಇದು ಹಿಮಾಲಯದ ಭೂತಾನಿನ ಕೋಟೆ-ಮಠಗಳ ಶೈಲಿ!

ಇದರ ಹಿಂದೊಂದು ಸ್ವಾರಸ್ಯವಿದೆ. 1914ರಲ್ಲಿ ಇಲ್ಲಿ ಗಣಿ ಮತ್ತು ಲೋಹವಿಜ್ಞಾನ ಕಲಿಸುವ ಸರ್ಕಾರಿ ಶಾಲೆ ಆರಂಭವಾಯಿತು. ಅದೇ ವರ್ಷ ಏಪ್ರಿಲ್ ತಿಂಗಳ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯಲ್ಲಿ ಜಾನ್ ಕ್ಲಾಡ್ ವೈಟ್ ಎಂಬ ಬ್ರಿಟಿಷ್ ಅಧಿಕಾರಿಯ ಭೂತಾನ್ ಲೇಖನ ಚಿತ್ರಗಳೊಂದಿಗೆ ಪ್ರಕಟವಾಗಿತ್ತು. 1916ರಲ್ಲಿ ಶಾಲೆಯ ಮುಖ್ಯ ಕಟ್ಟಡ ಬೆಂಕಿಗೆ ಆಹುತಿಯಾಗಿ, ಹೊಸ ಜಾಗದಲ್ಲಿ ಕಟ್ಟಬೇಕಾಗಿ ಬಂತು. ಆಗ ಡೀನ್ ಸ್ಟೀವ್ ವೊರೆಲ್ ಅವರ ಪತ್ನಿ ಕ್ಯಾಥ್ಲೀನ್, ಈ ಬೋಳುಬೆಟ್ಟಗಳಿಗೆ ಆ ಶೈಲಿಯೇ ಒಪ್ಪುತ್ತದೆ ಎಂದು ಸಲಹೆ ಕೊಟ್ಟರು. 1917ರಲ್ಲಿ ಎದ್ದ 'ಓಲ್ಡ್ ಮೇನ್' ಕಟ್ಟಡ ಇಂದಿಗೂ ಇದೆ. 2008ರಲ್ಲಿ ವಾಷಿಂಗ್ಟನ್ನಿನ ಜನಪದ ಉತ್ಸವಕ್ಕಾಗಿ ಭೂತಾನಿನ ಕುಶಲಕರ್ಮಿಗಳು ರೂಪಿಸಿದ ಮರದ ಗುಡಿಯನ್ನು ಆ ದೇಶ ಈ ವಿದ್ಯಾಲಯಕ್ಕೇ ಉಡುಗೊರೆಯಾಗಿ ಕೊಟ್ಟಿತು.

ಗಣಿ ಶಾಲೆ 1949ರಲ್ಲಿ 'ಟೆಕ್ಸಾಸ್ ವೆಸ್ಟರ್ನ್ ಕಾಲೇಜ್' ಆಯಿತು. 1967ರಿಂದ ಅದು ಎಲ್ ಪಾಸೊದ ಟೆಕ್ಸಾಸ್ ವಿಶ್ವವಿದ್ಯಾಲಯ. ಆದರೆ ಅದರ ಕ್ರೀಡಾ ತಂಡಗಳಿಗೆ 'ಮೈನರ್ಸ್', ಅಂದರೆ ಗಣಿಗಾರರು, ಎಂಬ ಹಳೆಯ ಹೆಸರೇ ಉಳಿದುಕೊಂಡಿದೆ.

ಮೊದಲು ತೆರೆದ ಬಾಗಿಲು

1966ರ ಗೆಲುವಿನ ಕತೆ ಆಟದ ಅಂಗಳದಲ್ಲಿ ಶುರುವಾದದ್ದಲ್ಲ, ಕಾಲೇಜಿನ ಪ್ರವೇಶ ಅರ್ಜಿಯಿಂದ ಶುರುವಾದದ್ದು.

ಬಿಳಿಯರಿಗೂ ಕಪ್ಪು ವರ್ಣೀಯರಿಗೂ ಬೇರೆ ಬೇರೆ ಶಾಲೆ ಎಂಬುದು ಆಗ ಟೆಕ್ಸಾಸಿನ ಕಾನೂನೇ ಆಗಿತ್ತು. 1954ರಲ್ಲಿ ಎಲ್ ಪಾಸೊದ ಡಗ್ಲಸ್ ಶಾಲೆಯಲ್ಲಿ ಮೊದಲ ಸ್ಥಾನ ಪಡೆದ ಥೆಲ್ಮಾ ವೈಟ್ ಎಂಬ ವಿದ್ಯಾರ್ಥಿನಿ ತನ್ನೂರಿನ ಈ ಕಾಲೇಜಿಗೆ ಅರ್ಜಿ ಹಾಕಿದಳು. ಅಂಕಗಳಿದ್ದವು, ಆದರೆ ಬಣ್ಣ ಕಪ್ಪು. ಅರ್ಜಿ ತಿರಸ್ಕೃತವಾಯಿತು. ಅವಳು ನ್ಯಾಯಾಲಯದ ಮೆಟ್ಟಿಲು ಹತ್ತಿದಳು. 1955ರ ಜುಲೈನಲ್ಲಿ ನ್ಯಾಯಾಧೀಶ ಥಾಮಸನ್ ಅವಳ ಪರವಾಗಿ ತೀರ್ಪು ಕೊಟ್ಟರು. ಅಷ್ಟರಲ್ಲಿ ನೆರೆಯ ನ್ಯೂ ಮೆಕ್ಸಿಕೊ ರಾಜ್ಯದ ಕಾಲೇಜು ಸೇರಿದ್ದ ಥೆಲ್ಮಾ ಅಲ್ಲೇ ಓದು ಮುಂದುವರಿಸಿದಳು. ಆದರೆ ಅವಳು ತೆರೆಸಿದ ಬಾಗಿಲಿನಿಂದ ಅದೇ ವರ್ಷ ಹನ್ನೆರಡು ಮಂದಿ ಕಪ್ಪು ವರ್ಣೀಯ ವಿದ್ಯಾರ್ಥಿಗಳು ಕಾಲೇಜಿನ ಒಳಗೆ ಬಂದರು. ಮರುವರ್ಷ ಚಾರ್ಲ್ಸ್ ಬ್ರೌನ್ ಇಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದ. ದಕ್ಷಿಣದ ಎಷ್ಟೋ ಪ್ರಸಿದ್ಧ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಆಗ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ.

'ಕರಡಿ' ಎಂಬ ಗುರು

1961ರಲ್ಲಿ ಡಾನ್ ಹ್ಯಾಸ್ಕಿನ್ಸ್ ತರಬೇತುದಾರರಾಗಿ ಬಂದರು. ವಯಸ್ಸು ಮೂವತ್ತೊಂದು. ಅಲ್ಲಿಯವರೆಗೆ ಟೆಕ್ಸಾಸಿನ ಸಣ್ಣ ಊರುಗಳ ಪ್ರೌಢಶಾಲೆಗಳಲ್ಲಿ ಕಲಿಸುತ್ತಿದ್ದವರು. ಹುಡುಗರ ಹಾಸ್ಟೆಲಿನ ಉಸ್ತುವಾರಿಯೂ ಅವರದೇ ಆಗಿದ್ದರಿಂದ ಮೊದಲಿಗೆ ಹೆಂಡತಿ ಮಕ್ಕಳೊಡನೆ ಹಾಸ್ಟೆಲಿನಲ್ಲೇ ಸಂಸಾರ ಹೂಡಿದರು. ದೊಡ್ಡ ಮೈಕಟ್ಟು, ಗಡಸು ದನಿ. ಜನ ಅವರನ್ನು 'ಕರಡಿ' ಎಂದೇ ಕರೆಯುತ್ತಿದ್ದರು.

ಅಭ್ಯಾಸವೆಂದರೆ ಹುಡುಗರಿಗೆ ಬೆವರಿಳಿಯುವ ತಪಸ್ಸು. ತಾವು ಗುರು ಹೆನ್ರಿ ಐಬಾ ಅವರಿಂದ ಕಲಿತದ್ದನ್ನೇ ಹ್ಯಾಸ್ಕಿನ್ಸ್ ಕಲಿಸಿದರು: ಮೊದಲು ರಕ್ಷಣೆ. ಎದುರಾಳಿಗೆ ಸುಲಭದ ಬುಟ್ಟಿ ಸಿಗಬಾರದು, ಚೆಂಡನ್ನು ಸುಮ್ಮನೆ ಕಳೆದುಕೊಳ್ಳಬಾರದು. ಕಪ್ಪು ಹುಡುಗರಿಗೆ ಶಿಸ್ತಿಲ್ಲ, ಅವರು ಮನಬಂದಂತೆ ಆಡುವವರು ಎಂಬ ಮಾತು ಆಗ ದೇಶದಲ್ಲೆಲ್ಲ ಇತ್ತು. ಅದನ್ನು ಸುಳ್ಳು ಮಾಡುವ ಶಿಸ್ತು ಈ ತಂಡಕ್ಕೆ ಬಂದದ್ದು ಹೀಗೆ.

1965–66ರ ತಂಡದಲ್ಲಿದ್ದವರು ಹನ್ನೆರಡು ಮಂದಿ. ಏಳು ಜನ ಕಪ್ಪು ವರ್ಣೀಯರು, ನಾಲ್ವರು ಬಿಳಿಯರು, ಒಬ್ಬ ಮೆಕ್ಸಿಕೊ ಮೂಲದ ಎಲ್ ಪಾಸೊ ಹುಡುಗ. ನ್ಯೂಯಾರ್ಕ್, ಡೆಟ್ರಾಯಿಟ್ ಸೀಮೆ, ಉಕ್ಕಿನ ಊರಾದ ಗ್ಯಾರಿ, ಹ್ಯೂಸ್ಟನ್ ಹೀಗೆ ದೂರದೂರದ ಊರುಗಳಿಂದ ಬಂದವರು ಈ ಮರುಭೂಮಿಯ ಹಾಸ್ಟೆಲಿನಲ್ಲಿ ಒಂದಾದರು.

ಇಪ್ಪತ್ಮೂರು ಗೆಲುವು, ಒಂದು ಸೋಲು

ಡಿಸೆಂಬರಿನಲ್ಲಿ ಋತು ಆರಂಭವಾದಾಗ ಇವರನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ವರ್ಷದ ಕೊನೆಯಲ್ಲಿ, ದೇಶದಲ್ಲಿ ನಾಲ್ಕನೇ ಸ್ಥಾನದಲ್ಲಿದ್ದ ಅಯೋವಾ ತಂಡವನ್ನು ಮಣಿಸಿದಾಗ ಪತ್ರಿಕೆಗಳು ಕಣ್ಣೆತ್ತಿ ನೋಡಿದವು. ಸತತ 23 ಗೆಲುವಿನ ಬಳಿಕ 1966ರ ಮಾರ್ಚ್ 5ರಂದು ಸಿಯಾಟಲ್ ತಂಡದೆದುರು 74–72ರಿಂದ ಸೋತರು. ಆ ಋತುವಿನ ಏಕೈಕ ಸೋಲು ಅದು.

ಮುಂದಿನದು ರಾಷ್ಟ್ರೀಯ ಟೂರ್ನಿ. ಒಂದು ಸಲ ಸೋತರೆ ಮನೆಗೆ! ಒಕ್ಲಹೋಮ ಸಿಟಿ ತಂಡವನ್ನು ದಾಟಿದ ಮೇಲೆ, ಸಿನ್ಸಿನಾಟಿ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 78–76ರ ಗೆಲುವು. ಕ್ಯಾನ್ಸಸ್ ಎದುರು ಎರಡು ಹೆಚ್ಚುವರಿ ಅವಧಿಗಳು ಬೇಕಾದವು. ಮೊದಲನೆಯದರ ಕೊನೇ ಗಳಿಗೆಯಲ್ಲಿ ಕ್ಯಾನ್ಸಸ್‌ನ ಜೋ ಜೋ ವೈಟ್ ಹಾಕಿದ ಬುಟ್ಟಿ ಗೆಲುವನ್ನೇ ತರುವಂತಿತ್ತು. ಆದರೆ ಅವನ ಕಾಲು ಅಂಗಳದ ಗೆರೆ ತುಳಿದಿತ್ತು ಎಂದು ತೀರ್ಪುಗಾರರು ಅದನ್ನು ರದ್ದುಮಾಡಿದರು. ಕೊನೆಗೆ ಟೆಕ್ಸಾಸ್ ವೆಸ್ಟರ್ನ್ 81–80ರಿಂದ ಗೆದ್ದಿತು. ಒಂದು ಕಾಲಿನ ಗೆರೆ, ಒಂದು ಅಂಕದ ಅಂತರ! ನಂತರ ಯೂಟಾ ತಂಡವನ್ನು 85–78ರಿಂದ ಸೋಲಿಸಿ ಫೈನಲ್ ತಲುಪಿದರು.

ಮಾರ್ಚ್ 19ರ ರಾತ್ರಿ

ಫೈನಲ್ ನಡೆದದ್ದು ಎಲ್ ಪಾಸೊದಿಂದ ಸುಮಾರು 2,700 ಕಿ.ಮೀ. ದೂರದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕೋಲ್ ಫೀಲ್ಡ್ ಹೌಸ್‌ನಲ್ಲಿ. ಎದುರಾಳಿ ಕೆಂಟಕಿ, ದೇಶದ ಮೊದಲ ಸ್ಥಾನದ ತಂಡ. ಅದರ ಗುರು ಅಡಾಲ್ಫ್ ರಪ್ ಆಗಲೇ ನಾಲ್ಕು ಸಲ ಈ ಪ್ರಶಸ್ತಿ ಗೆದ್ದಿದ್ದರು. ಕೆಂಟಕಿಯ ಆಟಗಾರರೆಲ್ಲ ಬಿಳಿಯರು.

ಹ್ಯಾಸ್ಕಿನ್ಸ್ ಅಂಗಳಕ್ಕಿಳಿಸಿದ ಐವರೂ ಕಪ್ಪು ವರ್ಣೀಯರು. ರಾಷ್ಟ್ರೀಯ ಫೈನಲಿನಲ್ಲಿ ಹಾಗಾದದ್ದು ಅದೇ ಮೊದಲು. ಕೆಂಟಕಿಯವರ ಚುರುಕಿಗೆ ಚುರುಕೇ ಮದ್ದು ಎಂದು, ಎತ್ತರದ ನೆವಿಲ್ ಶೆಡ್ ಬದಲು ಐದಡಿ ಆರಂಗುಲದ ವಿಲ್ಲಿ ವರ್ಸ್ಲಿಯನ್ನು ಆರಿಸಿದ್ದರು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಡೇವಿಡ್ ಲ್ಯಾಟಿನ್ ನೆಗೆದು ಚೆಂಡನ್ನು ಬುಟ್ಟಿಯೊಳಕ್ಕೆ ಬಡಿದ. ಆಮೇಲೆ ಬಾಬಿ ಜೋ ಹಿಲ್ ಕೆಂಟಕಿ ಆಟಗಾರರ ಕೈಯಿಂದ ಎರಡು ಬಾರಿ ಬೆನ್ನುಬೆನ್ನಿಗೆ ಚೆಂಡು ಕಸಿದು ಒಬ್ಬನೇ ಓಡಿ ಬುಟ್ಟಿ ಹಾಕಿದ. ವಿರಾಮದ ವೇಳೆಗೆ 34–31. ಕೊನೆಯ ಅಂಕಪಟ್ಟಿ: ಟೆಕ್ಸಾಸ್ ವೆಸ್ಟರ್ನ್ 72, ಕೆಂಟಕಿ 65.

ಲೆಕ್ಕದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ಇಲ್ಲೊಂದು ವಿಷಯ ಗಮನಿಸಬೇಕು. ಹೆಚ್ಚು ಬುಟ್ಟಿ ಹಾಕಿದವರು ಸೋತವರೇ! ಕೆಂಟಕಿ 27, ಟೆಕ್ಸಾಸ್ ವೆಸ್ಟರ್ನ್ 22. ಬುಟ್ಟಿಗೆ ಎರಡಂಕದಂತೆ 54 ಮತ್ತು 44. ವ್ಯತ್ಯಾಸ ಮಾಡಿದ್ದು ಫೌಲಿಗೆ ಸಿಗುವ, ಒಂದಂಕದ 'ಫ್ರೀ ಥ್ರೋ'ಗಳು. ಕೆಂಟಕಿಗೆ ಸಿಕ್ಕ 13ರಲ್ಲಿ 11 ಬಿದ್ದವು. ಎದುರಾಳಿಯ ಬುಟ್ಟಿಯ ಬುಡಕ್ಕೇ ನುಗ್ಗಿ ಆಡಿದ ಗಣಿಗಾರರಿಗೆ 34 ಸಿಕ್ಕವು, 28 ಬಿದ್ದವು. ಕೋಟ್ಯಂತರ ಕಣ್ಣುಗಳು ಬಣ್ಣ ನೋಡುತ್ತಿದ್ದ ಆ ಕಾಲದಲ್ಲಿ, ಒಂದು ಗೆರೆಯ ಹಿಂದೆ ಒಬ್ಬನೇ ನಿಂತು, ಎದೆಬಡಿತ ಹತೋಟಿಗೆ ತಂದುಕೊಂಡು ಎಸೆಯುವ ಎಸೆತ ಅದು. ಶಿಸ್ತಿಲ್ಲದವರಿಗೆ ದಕ್ಕುವಂಥದ್ದಲ್ಲ.

ಆ ರಾತ್ರಿ ಅಂಗಳಕ್ಕಿಳಿದದ್ದು ಆ ಏಳು ಮಂದಿ ಮಾತ್ರ. ಇತಿಹಾಸ ಬರೆಯಬೇಕೆಂದು ಮಾಡಿದ್ದಲ್ಲ, ತಂಡದಲ್ಲಿ ಚೆನ್ನಾಗಿ ಆಡುವವರನ್ನು ಆಡಿಸಿದೆ ಅಷ್ಟೆ ಎಂಬುದು ಹ್ಯಾಸ್ಕಿನ್ಸ್ ಕೊನೆಯವರೆಗೂ ಹೇಳುತ್ತಿದ್ದ ಮಾತು.

ಗೆಲುವಿನ ನಂತರ

ಎಲ್ ಪಾಸೊ ವಿಮಾನ ನಿಲ್ದಾಣದಲ್ಲಿ ತಂಡವನ್ನು ಎದುರುಗೊಳ್ಳಲು ಸಾವಿರಾರು ಜನ ಸೇರಿದರು. ಆದರೆ ಹ್ಯಾಸ್ಕಿನ್ಸ್‌ಗೆ ದ್ವೇಷ ಕಾರುವ ಪತ್ರಗಳೂ ಬಂದವು. 1968ರಲ್ಲಿ 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆ ಬೇರೊಂದು ಪ್ರಶ್ನೆ ಎತ್ತಿತು: ಕಾಲೇಜುಗಳು ಕಪ್ಪು ಹುಡುಗರನ್ನು ಆಟಕ್ಕೆ ಬಳಸಿಕೊಂಡು ಅವರ ಓದನ್ನು ಮರೆಯುತ್ತಿವೆಯೇ? ಈ ಕಾಲೇಜಿನ ಹೆಸರೂ ಅದರಲ್ಲಿತ್ತು. ಕಹಿಯಾದರೂ ಕೇಳಲೇಬೇಕಾದ ಪ್ರಶ್ನೆ. ಕಾಲೇಜೆಂದ ಮೇಲೆ ಕಪಾಟಿನಲ್ಲಿರುವ ಕಪ್ಪಿಗಿಂತ ಹುಡುಗನ ಕೈಯಲ್ಲಿರುವ ಪದವಿಯ ತೂಕ ಹೆಚ್ಚು. ಆಟದ ವರ್ಷಗಳು ನಾಲ್ಕು, ಬಾಳಿನ ವರ್ಷಗಳು ನಲವತ್ತು!

ಆ ಹುಡುಗರು ಬದುಕಿನಲ್ಲಿ ದಾರಿ ಕಂಡುಕೊಂಡರು. ಆರ್ಸ್ಟನ್ ಆರ್ಟಿಸ್ ಗ್ಯಾರಿಯಲ್ಲಿ ಪೊಲೀಸ್ ಅಧಿಕಾರಿಯಾದ. ವರ್ಸ್ಲಿ ಶಾಲಾ ಮಕ್ಕಳ ನಡುವೆ ಕೆಲಸ ಮಾಡಿದ. ಬಾಬಿ ಜೋ ಹಿಲ್ ಎಲ್ ಪಾಸೊದ ಅನಿಲ ಕಂಪೆನಿಯೊಂದರಲ್ಲಿ ದುಡಿದು 2002ರಲ್ಲಿ ತೀರಿಕೊಂಡ. ದಕ್ಷಿಣದ ಕಾಲೇಜುಗಳೂ ಬದಲಾದವು. 1967ರ ಕೊನೆಯಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪೆರಿ ವ್ಯಾಲೇಸ್ ಕೆಂಟಕಿಯೂ ಸೇರಿದ್ದ ಕೂಟದಲ್ಲಿ ಆಡಿದ ಮೊದಲ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರನಾದ. ಅವನು ಎಂಜಿನಿಯರಿಂಗ್ ಓದಿ, ಮುಂದೆ ಕಾನೂನಿನ ಪ್ರಾಧ್ಯಾಪಕನೂ ಆದ. 1970–71ರಲ್ಲಿ ಕೆಂಟಕಿ ತಂಡದಲ್ಲೂ ಕಪ್ಪು ಆಟಗಾರ ಕಾಣಿಸಿಕೊಂಡ.

ಹ್ಯಾಸ್ಕಿನ್ಸ್ 1999ರವರೆಗೆ ಇದೇ ಕಾಲೇಜಿನಲ್ಲಿದ್ದು 719 ಪಂದ್ಯ ಗೆದ್ದರು, 2008ರಲ್ಲಿ ನಿಧನರಾದರು. 1966ರ ಇಡೀ ತಂಡಕ್ಕೆ 2007ರಲ್ಲಿ ಬ್ಯಾಸ್ಕೆಟ್‌ಬಾಲಿನ ಗೌರವ ಮಂದಿರದಲ್ಲಿ ಸ್ಥಾನ ದೊರೆಯಿತು. ಟೆಕ್ಸಾಸಿನ ಮತ್ತೊಂದು ಪುರುಷರ ತಂಡ, ಬೇಲರ್, ಈ ಪ್ರಶಸ್ತಿ ಗೆಲ್ಲಲು 2021ರವರೆಗೆ ಕಾಯಬೇಕಾಯಿತು.

ಇಂದು ಎಲ್ ಪಾಸೊಗೆ ಹೋದವರು ಭೂತಾನ್ ಸೂರುಗಳ ನಡುವೆ ನಡೆದು ಹ್ಯಾಸ್ಕಿನ್ಸ್ ಹೆಸರಿನ ಕ್ರೀಡಾಂಗಣ ನೋಡಬಹುದು. ತಂಡದ ಕತೆ ಹೇಳುವ 2006ರ 'ಗ್ಲೋರಿ ರೋಡ್' ಚಲನಚಿತ್ರದ ಹೆಸರನ್ನು ಅಲ್ಲಿನ ರಸ್ತೆಗೂ ಇಟ್ಟಿದ್ದಾರೆ. ಆದರೆ ಮಕ್ಕಳಿಗೆ ಈ ಕತೆ ಹೇಳುವವರು ಕ್ರೀಡಾಂಗಣದಿಂದ ಆರಂಭಿಸದಿರುವುದೇ ಲೇಸು. ಶಾಲೆಯಲ್ಲಿ ಮೊದಲ ಸ್ಥಾನ ಪಡೆದು, ತಿರಸ್ಕೃತವಾದ ಅರ್ಜಿ ಹಿಡಿದು ನ್ಯಾಯಾಲಯಕ್ಕೆ ಹೋದ ಹುಡುಗಿಯಿಂದ ಆರಂಭಿಸಲಿ. 1955ರಲ್ಲಿ ಆ ಬಾಗಿಲು ತೆರೆಯದಿದ್ದರೆ 1966ರಲ್ಲಿ ಆ ಐವರು ಅಂಗಳಕ್ಕೆ ಇಳಿಯುತ್ತಲೇ ಇರಲಿಲ್ಲ.