ಪಾಪಿನಾಯಕನಹಳ್ಳಿಯಿಂದ ಆಸ್ಪತ್ರೆಯ ದಾರಿ

ಹೊಸಪೇಟೆಯಿಂದ ಬಳ್ಳಾರಿಯತ್ತ ಹೊರಟರೆ ದಾರಿಯಲ್ಲಿ ಸಿಗುವ ಊರು ಪಾಪಿನಾಯಕನಹಳ್ಳಿ. ದಕ್ಷಿಣಕ್ಕೆ ಸಂಡೂರಿನ ಅದಿರಿನ ಬೆಟ್ಟಗಳು. ಹೆದ್ದಾರಿಯೂ ರೈಲು ಹಳಿಯೂ ಊರಿಗೆ ಹತ್ತಿರ. ಹಂಪಿ ನೋಡಲು ಬಂದವರು ಇದನ್ನು ಕಿಟಕಿಯಿಂದಲೇ ಕಂಡು ಮುಂದೆ ಸಾಗುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಜಿಲ್ಲಾ ಕಚೇರಿ ಹೊಸಪೇಟೆಗೇ ಬಂತು. ಆದರೆ ಕ್ಯಾನ್ಸರ್ ಬಂದವರ ದಾರಿ ಇನ್ನೂ ಉದ್ದವೇ.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೆ ಇಲ್ಲಿಂದ 300 ಕಿಲೋಮೀಟರಿಗೂ ಹೆಚ್ಚು. ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ, ಅದು ಇದೇ ಊರಿನ ಪಕ್ಕದ ಹಳಿಯ ಮೇಲೆ ಬಳ್ಳಾರಿಯ ಮೂಲಕ ಸಾಗಿ ಬೆಳಿಗ್ಗೆ ಬೆಂಗಳೂರು ಮುಟ್ಟಿಸುತ್ತದೆ.

ಸ್ತನ ಕ್ಯಾನ್ಸರ್ ಮೂಳೆ, ಶ್ವಾಸಕೋಶ, ಯಕೃತ್ತು ಅಥವಾ ಮಿದುಳಿಗೆ ಹರಡಿದರೆ ಅದು ನಾಲ್ಕನೇ ಹಂತ. ಸಾಮಾನ್ಯವಾಗಿ ಪೂರ್ತಿ ವಾಸಿಯಾಗುವುದಿಲ್ಲ. ಆದರೂ ಮಾತ್ರೆ, ಇಂಜೆಕ್ಷನ್‌ಗಳಿಂದ ಅದನ್ನು ಹತೋಟಿಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಬದುಕುವವರಿದ್ದಾರೆ. ಆಸ್ಪತ್ರೆಯಲ್ಲಿ ಕಳೆಯುವುದು ಕೆಲವೇ ದಿನ. ಉಳಿದ ದಿನವೆಲ್ಲ ಮನೆಯಲ್ಲಿ. ಅಲ್ಲಿ ತನ್ನ ದೇಹವನ್ನು ಗಮನಿಸಬೇಕಾದವಳು ಆಕೆಯೇ.

ಅದಕ್ಕೆ ಮೊದಲು ಬೇಕಾದದ್ದು ನಿಜ. ಎಷ್ಟೋ ಮನೆಗಳಲ್ಲಿ ವೈದ್ಯರ ಮಾತು ಗಂಡನಿಗೆ, ಅಣ್ಣನಿಗೆ ಗೊತ್ತಿರುತ್ತದೆ. ರೋಗಿಗೆ ಮಾತ್ರ 'ಬರೀ ಗಡ್ಡೆ' ಎಂದು ಹೇಳಿರುತ್ತಾರೆ. ಪ್ರೀತಿಯಿಂದಲೇ ಮುಚ್ಚಿಡುತ್ತಾರೆ. ಆದರೆ ಕಾಯಿಲೆ ಯಾವುದೆಂದು ತಿಳಿಯದವಳು ಯಾವ ನೋವನ್ನು ಕಡೆಗಣಿಸಬಾರದೆಂದು ಹೇಗೆ ತಿಳಿದಾಳು?

ಕಿಮೊಥೆರಪಿ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಂಗಳೂರಿನ ಮುಂದಿನ ತಾರೀಖಿಗೆ ಕಾಯುವಂತಿಲ್ಲ. ಬಿಳಿ ರಕ್ತಕಣ ಕುಗ್ಗಿದಾಗ ಸೋಂಕು ಗಂಟೆಗಳಲ್ಲೇ ಉಲ್ಬಣಿಸಬಹುದು. ಕೂಡಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನ ಜೊತೆ ಕಾಲು ಸೋತರೆ, ಮೂತ್ರ ಹಿಡಿತಕ್ಕೆ ಬಾರದಿದ್ದರೆ, ಉಸಿರು ಕಟ್ಟಿದರೆ ಅದೇ ಅವಸರ. ರೋಗ ಮೂಳೆಗೆ ಹರಡಿದ್ದರೆ ತುಂಬಿದ ಕೊಡ ಎತ್ತುವ ಮುನ್ನ ವೈದ್ಯರನ್ನು ಕೇಳಬೇಕು. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು.

ನೋವನ್ನು ಹಲ್ಲುಕಚ್ಚಿ ಸಹಿಸುವುದು ಧೈರ್ಯವಲ್ಲ. ಮಾರ್ಫಿನ್ ಮಾತ್ರೆ ರೋಗಿಗಳಿಗೆ ಸುಲಭವಾಗಿ ಸಿಗಲೆಂದು 2014ರಲ್ಲಿ ಕಾಯ್ದೆಯನ್ನೇ ತಿದ್ದಲಾಯಿತು. ವೈದ್ಯರು ಹೇಳಿದ ವೇಳೆಗೆ ತಪ್ಪದೆ ತೆಗೆದುಕೊಳ್ಳಬೇಕು. ಅದರಿಂದಾಗುವ ಮಲಬದ್ಧತೆಗೂ ಔಷಧಿ ಕೇಳಿ ಪಡೆಯಬೇಕು. ನೋವು ತಗ್ಗಿಸುವ ಉಪಶಾಮಕ ಆರೈಕೆ ಕೊನೆಗಾಲಕ್ಕೆ ಮಾತ್ರವಲ್ಲ, ಚಿಕಿತ್ಸೆಯ ಜೊತೆಗೇ ಸಿಗಬೇಕಾದದ್ದು.

ಪ್ರಯಾಣದ ಚೀಲದಲ್ಲಿ ಬಯಾಪ್ಸಿ ವರದಿ ಇರಲೇಬೇಕು. ಗಡ್ಡೆಗೆ ಹಾರ್ಮೋನಿನ ಸ್ಪಂದನೆ ಇದೆಯೇ, ಹರ್-2 ಪ್ರೋಟೀನು ಹೆಚ್ಚಿದೆಯೇ ಎಂಬುದರ ಮೇಲೆಯೇ ಔಷಧಿಯ ಆಯ್ಕೆ ನಿಂತಿದೆ. ಜೊತೆಗೆ ಸ್ಕ್ಯಾನ್ ವರದಿ, ಮಾತ್ರೆಗಳ ಪಟ್ಟಿ, ಆಯುಷ್ಮಾನ್ ಕಾರ್ಡ್, ಪಡಿತರ ಚೀಟಿ.

ಇನ್ನೊಂದು ನೂರು ಪುಟದ ನೋಟುಪುಸ್ತಕ. ದಿನದ ಜ್ವರ, ಹತ್ತಕ್ಕೆ ಎಷ್ಟು ನೋವು, ಊಟ, ನಿದ್ದೆ, ವೈದ್ಯರನ್ನು ಕೇಳಬೇಕಾದ ಮೂರು ಪ್ರಶ್ನೆ. ಅಮ್ಮನಿಗೆ ಓದುಬರಹ ಬಾರದಿದ್ದರೆ ಶಾಲೆಗೆ ಹೋಗುವ ಮಗನೋ ಮಗಳೋ ಬರೆದುಕೊಡಬಹುದು. ಆದರೆ ಬರೆಯುವುದು ಅಮ್ಮ ಹೇಳಿದ್ದನ್ನು. ಯಾವ ಚಿಕಿತ್ಸೆ ಮುಂದುವರಿಸಬೇಕು, ಯಾವುದು ಸಾಕು ಎಂದು ವೈದ್ಯರು ಕೇಳಿದಾಗ ಮನೆಯವರು ಒಂದು ಗಳಿಗೆ ಸುಮ್ಮನಿದ್ದು, ಮೊದಲು ಆಕೆಯನ್ನು ಮಾತಾಡಗೊಡಬೇಕು.