ಚಿಕ್ಕಪ್ಪನ ತಾರಸಿಯಿಂದ ಕಂಡ ವಿಮಾನಗಳು

ನಾನು ಹುಡುಗನಾಗಿದ್ದಾಗ ಆಕಾಶ ನೋಡುವುದು ಒಂದು ಕೆಲಸವಾಗಿತ್ತು. ನಮ್ಮ ಕೇರಿಯಲ್ಲಿ ಬಾಡು ಹೆಚ್ಚಿಗೆ ಸಿಕ್ಕಿದ ದಿನ ಅವ್ವ ಅದನ್ನು ಉದ್ದುದ್ದ ಸೀಳಿ, ಉಪ್ಪು ಅರಿಸಿನ ಹಚ್ಚಿ, ಹಗ್ಗದ ಮೇಲೆ ಒಣಹಾಕುತ್ತಿದ್ದಳು. ಕೆಳಗೆ ಕೋಲು ಹಿಡಿದು ಕೂರುವವನು ನಾನು. ಹದ್ದು ಮೇಲೆ ಸುತ್ತುತ್ತಿರುತ್ತಿತ್ತು. ಕಣ್ಣು ಅತ್ತಿತ್ತ ಹೋದರೆ ಒಂದು ಸೀಳು ಮಾಯ, ನನ್ನ ಬೆನ್ನಿಗೆ ಅವ್ವನ ಏಟು. ಈಗಲೂ ಮೇಲೆ ಏನಾದರೂ ಹಾರಿದರೆ ನನ್ನ ಕೈ ಕೋಲು ಹುಡುಕುತ್ತದೆ.

ಇದು ಮತ್ತೆ ನೆನಪಾದದ್ದು 2023ರ ಫೆಬ್ರವರಿ 17ರಂದು, ಯಲಹಂಕದ ವಾಯುನೆಲೆಯ ಹತ್ತಿರ ಚಿಕ್ಕಪ್ಪನ ಮನೆಯ ತಾರಸಿ ಮೇಲೆ. ಅಲ್ಲಿ 1996ರಲ್ಲಿ ಶುರುವಾದ ಏರೋ ಇಂಡಿಯಾ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. ದೇಶದೇಶದ ಕಂಪನಿಗಳು ಯುದ್ಧವಿಮಾನ ಮಾರಲು ಬಂದು ಕೂರುವ ಸಂತೆ ಅದು. ಸಂತೆ ಅಂದಮೇಲೆ ಆಟವೂ ಬೇಕಲ್ಲ, ಆಕಾಶದಲ್ಲಿ ಅದೂ ಇರುತ್ತದೆ. ಒಳಗೆ ಬಯಲಲ್ಲಿ ನಿಂತು ಆಟ ನೋಡುವುದಕ್ಕೇ ಆ ವರ್ಷ 1000 ರೂಪಾಯಿ ಟಿಕೇಟು. ನಾವು ಹಳ್ಳಿ ಶಾಲೆ ಮೇಷ್ಟ್ರ ಸಂಸಾರ. ಚಿಕ್ಕಪ್ಪನ ತಾರಸಿಗೆ ಟಿಕೇಟಿಲ್ಲ. ನಾನು, ನನ್ನಾಕೆ, ಅವ್ವ, ನಾಲ್ಕನೇ ಕ್ಲಾಸಿನ ಮಗಳು, ದೊಡ್ಡಬಳ್ಳಾಪುರದ ಬಸ್ಸು ಹತ್ತಿ ಬೆಳಗ್ಗೆಯೇ ಬಂದಿಳಿದೆವು.

ನಾವು ಬಂದರೆ ಚಿಕ್ಕಪ್ಪ ಕೋಳಿ ಕೊಯ್ಯುವುದು ವಾಡಿಕೆ. ಅವನದು ಕೋಳಿ ಅಂಗಡಿ. ಸಂಜೆ ಅದರ ಮುಂದೆಯೇ ಚಿಕ್ಕವ್ವನ ತಳ್ಳುಗಾಡಿ: ಮುದ್ದೆ, ಬೋಟಿ, ತಲೆಮಾಂಸ. ಅವತ್ತು ಅಂಗಡಿ ಬಾಗಿಲು ಎಳೆದಿತ್ತು, ಗಾಡಿ ಗೋಡೆಗೆ ಒರಗಿತ್ತು. ಒಳಗೆ ಅನ್ನ, ಸೊಪ್ಪಿನ ಸಾರು.

'ಏನ್ ಚಿಕ್ಕವ್ವ, ಬೀಗರಿಗೆ ಸೊಪ್ಪಾ?' ಅಂದೆ ತಮಾಷೆಗೆ.

'ವಿಮಾನ ನೋಡಕ್ಕೆ ಬಂದಿದೀಯಲ್ಲ ಮಗಾ, ಅದನ್ನೇ ನಂಚ್ಕೊ' ಅಂದಳು.

ಚಿಕ್ಕಪ್ಪ ನೋಟೀಸು ತೋರಿಸಿದ. ಜನವರಿ 30ರಿಂದ ಫೆಬ್ರವರಿ 20ರವರೆಗೆ ವಾಯುನೆಲೆಯ ಸುತ್ತ 10 ಕಿಲೋಮೀಟರಿನಲ್ಲಿ ಮಾಂಸ ಮಾರುವಂತಿಲ್ಲ, ಮಾಂಸದ ಅಡುಗೆ ಬಡಿಸುವಂತಿಲ್ಲ. 22 ದಿನ. ಆಧಾರ, 1937ರ ವಿಮಾನ ನಿಯಮಗಳ 91ನೇ ನಿಯಮ. ಮೇಷ್ಟ್ರ ಬುದ್ಧಿ, ಆಮೇಲೆ ಅದನ್ನು ಹುಡುಕಿ ಓದಿದೆ. ವಿಮಾನ ನಿಲ್ದಾಣದ ಸುತ್ತ 10 ಕಿಲೋಮೀಟರಿನೊಳಗೆ ಪ್ರಾಣಿ ಕೊಯ್ಯಬಾರದು, ಚರ್ಮ ಸುಲಿಯಬಾರದು, ಹಕ್ಕಿಗಳನ್ನು ಕರೆಯುವಂಥ ಕಸ ಕೊಳಕು ಸುರಿಯಬಾರದು ಅಂತ ಅದರಲ್ಲಿದೆ. ಸತ್ತ ದನ ಸುಲಿದೇ ನಮ್ಮ ತಾತ ಆರು ಮಕ್ಕಳನ್ನು ಸಾಕಿದ. ಅವನ ಕಸುಬಿನ ಹೆಸರನ್ನು ವಿಮಾನದ ಕಾನೂನಿನಲ್ಲಿ ಓದುತ್ತೇನೆಂದು ನಾನು ಎಣಿಸಿರಲಿಲ್ಲ.

ನಿಯಮ ಸುಳ್ಳಲ್ಲ ಗೆಳೆಯರೇ, ಅದನ್ನೂ ಹೇಳಬೇಕು. ಜೆಟ್ ಎಂಜಿನ್ನು ಮುಂದಿನ ಗಾಳಿಯನ್ನು ರಭಸವಾಗಿ ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯ ಜೊತೆ ಒಂದು ಹದ್ದು ಹೋದರೆ ಒಳಗಿನ ಬ್ಲೇಡುಗಳು ಮುರಿಯಬಹುದು, ವಿಮಾನ ಬೀಳಬಹುದು. ಆಕಾಶದಲ್ಲಿ ಅನಾಹುತ ಅಂದರೆ ಏನೆಂದು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. 2019ರ ಫೆಬ್ರವರಿ 19ರಂದು ಇಲ್ಲೇ ತಾಲೀಮು ಮಾಡುವಾಗ ಸೂರ್ಯಕಿರಣ ತಂಡದ ಎರಡು ವಿಮಾನ ಒಂದಕ್ಕೊಂದು ತಗುಲಿ ಬಿದ್ದವು. ಇಬ್ಬರು ಹಾರಿಕೊಂಡು ಬದುಕಿದರು, ಒಬ್ಬ ಪೈಲಟ್ ಸತ್ತ. ಅದು ಹಕ್ಕಿಯಿಂದ ಆದದ್ದಲ್ಲ. ಆದರೆ ಆ ಹೊಗೆಯನ್ನು ಚಿಕ್ಕವ್ವ ಇದೇ ತಾರಸಿಯಿಂದ ಕಂಡಿದ್ದಳು.

'ಯಾವ ತಾಯಿ ಮಗನೋ. ಹದ್ದು ಬಡಿದು ಇನ್ನೊಬ್ಬ ಸಾಯೋದು ಬ್ಯಾಡ ಕಣಪ್ಪ' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಆದ್ರೆ ನಮ್ಮ ಇಪ್ಪತ್ತೆರಡು ದಿನ ಯಾರ ಲೆಕ್ಕಕ್ಕೆ ಬರ್ಕೋಬೇಕು?' ಅಂದಳು.

ಬಾಡಿಗೆಯವನು ತಿಂಗಳಿಗೆ ಎಂಟೇ ದಿನ ಅಂತ ಎಣಿಸಿಕೊಳ್ಳುವುದಿಲ್ಲ. ಚೀಟಿಯವಳೂ ಅಷ್ಟೆ. ಅವರ ಕೈಗೆ ಯಾರೂ ಒಂದು ರೂಪಾಯಿ ಇಡಲಿಲ್ಲ. ಹೊಟ್ಟೆ ಉರಿಯುವ ಮಾತು ಇನ್ನೊಂದಿದೆ. ತಾರಸಿಯಿಂದ ಬಗ್ಗಿ ನೋಡಿದರೆ ರಸ್ತೆಯ ತಿರುವಿನಲ್ಲಿ ಕಸದ ಗುಡ್ಡೆ ಹಾಗೇ ಬಿದ್ದಿತ್ತು. ನಿಯಮ ಕಸವನ್ನೂ ಬಿಟ್ಟಿಲ್ಲ. ಆದರೆ ಬೀಗ ಬಿದ್ದದ್ದು ಚಿಕ್ಕಪ್ಪನ ಅಂಗಡಿಗೆ. ಹದ್ದುಗಳು ಕೂತಿದ್ದದ್ದು ಗುಡ್ಡೆಯ ಮೇಲೆ.

ಮಾರನೆಯ ದಿನ ಶಿವರಾತ್ರಿ. ಚಳಿ ಶಿವಶಿವಾ ಅಂತ ಆಗಲೇ ಓಡಿತ್ತು, ಬಿಸಿಲಿಗೆ ತಾರಸಿ ಕಾದಿತ್ತು. ಅವ್ವನ ತಲೆಗೆ ಒದ್ದೆ ಟವಲ್ಲು ಹಾಕಿ ಕೂರಿಸಿದೆವು. ಆಟ ಶುರುವಾಗಲು ಇನ್ನೂ ಹೊತ್ತಿತ್ತು.

'ಮೊದಲು ಹಾರಿದ್ದು ಯಾರಪ್ಪ?' ಮಗಳ ಪ್ರಶ್ನೆ.

ಕ್ಲಾಸಿನಲ್ಲಿ ಹೇಳುವ ಕಥೆಯನ್ನೇ ಹೇಳಿದೆ. 1783, ಫ್ರಾನ್ಸ್ ದೇಶ. ಮಾಂಟ್‌ಗಾಲ್ಫಿಯೆ ಎಂಬ ಅಣ್ಣತಮ್ಮ ಬಟ್ಟೆ, ಕಾಗದದಲ್ಲಿ ಮನೆಯಷ್ಟು ದೊಡ್ಡ ಬಲೂನು ಮಾಡಿ ಕೆಳಗೆ ಹುಲ್ಲು, ಉಣ್ಣೆ ಉರಿಸಿದರು. ಬಿಸಿಗಾಳಿ ಹಗುರ, ತಣ್ಣನೆ ಗಾಳಿ ಭಾರ. ಬಲೂನು ಎದ್ದಿತು. ಸೆಪ್ಟೆಂಬರ್ 19ರಂದು ರಾಜನ ಅರಮನೆಯ ಮುಂದೆ ಅದಕ್ಕೆ ಕಟ್ಟಿ ಕಳಿಸಿದ್ದು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ.

'ಹುಂಜಾನಾ? ತಾತನ ಅಂಗಡೀಲಿರ್ತಾವಲ್ಲ, ಅಂಥದ್ದಾ?'

'ಅಂಥದ್ದೇ. ಮೂರೂ ಬದುಕಿ ಬಂದವು.'

ಮುಂದಿನದು ಪಾಠದಲ್ಲಿಲ್ಲ, ನಾನು ಬಿಡದೆ ಹೇಳುವ ಭಾಗ. ಮನುಷ್ಯರನ್ನು ಕಳಿಸುವಾಗ ರಾಜನಿಗೆ ಹೊಳೆದದ್ದು ಮರಣದಂಡನೆಯ ಕೈದಿಗಳು. ಸತ್ತರೆ ಸಾಯಲಿ ಅಂತ. ಆಗ ಡ ರೋಜಿಯೆ ಎಂಬ ತರುಣನಿಗೆ ಸಂಕಟವಾಯಿತು: ಮೊದಲು ಹಾರಿದವನು ಎಂಬ ಹೆಸರು ಕೈದಿಗೆ ಹೋಗುವುದೇ? ಒಬ್ಬ ಶ್ರೀಮಂತನ ವಶೀಲಿ ಹಿಡಿದು ರಾಜನನ್ನು ಒಪ್ಪಿಸಿದ. ನವೆಂಬರ್ 21ರಂದು ಅವರಿಬ್ಬರೇ ಪ್ಯಾರಿಸ್ ಮೇಲೆ ಹಾರಿದರು. ಸಾವು ಅಂದಾಗ ಕೈದಿಯ ನೆನಪು, ಹೆಸರು ಅಂದಾಗ ದೊರೆಮಕ್ಕಳ ಸಾಲು.

ಬೀಡಿ ಸೇದುತ್ತ ಕೇಳುತ್ತಿದ್ದ ಚಿಕ್ಕಪ್ಪ, 'ಅಲ್ಲೂ ಹಿಂಗೇನಾ ಮೇಷ್ಟ್ರೇ?' ಅಂದ.

ಅಷ್ಟರಲ್ಲಿ ತಾರಸಿ ನಡುಗಿತು. ತೇಜಸ್. ಸದ್ದು ಬಂದ ಕಡೆ ನಾವೆಲ್ಲ ಕತ್ತು ತಿರುಗಿಸಿದರೆ ಅಲ್ಲಿ ಏನೂ ಇಲ್ಲ, ವಿಮಾನ ಆಗಲೇ ಮುಂದೆ ಹೋಗಿದೆ. ಮಿಂಚು ಮೊದಲು, ಗುಡುಗು ಆಮೇಲೆ. ಮಗಳು ಎರಡೇ ಸಲಕ್ಕೆ ಕಲಿತಳು, ಸದ್ದಿಗಿಂತ ಮುಂದೆ ಬೆರಳು ಚಾಚಿ 'ಅಲ್ಲಿ, ಅಲ್ಲಿ' ಅನ್ನತೊಡಗಿದಳು. ಅವ್ವ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಅಪ್ಪ ಸತ್ತಮೇಲೆ ನಾನು ನೋಡಿರಲಿಲ್ಲ. ಮೈಮೇಲೆ ನವಿಲಿನ ಚಿತ್ರ ಬರೆಸಿಕೊಂಡ ಸಾರಂಗ್ ಹೆಲಿಕಾಪ್ಟರುಗಳು ಎದುರುಬದುರಾಗಿ ನುಗ್ಗಿ ತಪ್ಪಿಸಿಕೊಂಡವು. ಆಮೇಲೆ ಕೆಂಪು ಬಿಳಿ ಬಣ್ಣದ ಸೂರ್ಯಕಿರಣ. ಒಂದಕ್ಕೂ ಇನ್ನೊಂದಕ್ಕೂ ಐದಾರು ಮೀಟರು ಅಂತರ, ಜಾತ್ರೆಯಲ್ಲಿ ಕೈ ಹಿಡಿದು ನಡೆಯುವ ಮಕ್ಕಳ ಹಾಗೆ. ಬಾಲದಿಂದ ಹೊಗೆ. ಅವ್ವ ಎದ್ದು ನಿಂತು ಕೈ ಬೀಸಿದಳು.

'ಅವರಿಗೆ ಕಾಣಲ್ಲ ಅತ್ತೆ' ಅಂದಳು ನನ್ನಾಕೆ.

'ಕಾಣ್ದಿದ್ರೇನು, ನಾನು ಬೀಸಿದೆ' ಅಂದಳು ಅವ್ವ.

ಆ ಸಂತೋಷ ನನ್ನದೂ ಹೌದು. ಅದನ್ನು ಮುಚ್ಚಿಟ್ಟು ಬರೀ ಸಿಟ್ಟನ್ನು ಬರೆದರೆ ಸುಳ್ಳಾಗುತ್ತದೆ. ಒಂದೊಂದು ವಿಮಾನದ ಬೆಲೆಗೆ ಎಷ್ಟು ಶಾಲೆ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿದ್ದರೂ ಕೈ ಚಪ್ಪಾಳೆ ತಟ್ಟುತ್ತಿತ್ತು.

ಚಿಕ್ಕವ್ವ ಮಾತ್ರ ಮೇಲೆ ಬರಲಿಲ್ಲ. ಬಳ್ಳಾರಿ ರಸ್ತೆಯ ಅಂಚಿನಲ್ಲಿ ಟಿಕೇಟಿಲ್ಲದ ಜನ ಬೈಕು ನಿಲ್ಲಿಸಿ, ಮಕ್ಕಳನ್ನು ಹೆಗಲಿಗೆ ಹತ್ತಿಸಿ ನಿಂತಿದ್ದರು. ಪೊಲೀಸರು ಸೀಟಿ ಊದಿ ಅಟ್ಟುತ್ತಿದ್ದರು, ಜನ ಹತ್ತು ಹೆಜ್ಜೆ ಹೋಗಿ ಮತ್ತೆ ನಿಲ್ಲುತ್ತಿದ್ದರು. ಅವರ ನಡುವೆ ಚಿಕ್ಕವ್ವ ಬುಟ್ಟಿ ಹೊತ್ತು ಸೌತೆಕಾಯಿ ಮಾರಿದಳು. ಬೋಟಿ ಕೊಯ್ಯುವ ಅದೇ ಚಾಕು, ಉಪ್ಪುಖಾರ. ಸಂಜೆ ಮಡಿಲಿನ ಚಿಲ್ಲರೆ ಸುರಿದು ಎಣಿಸಿದಾಗ 640 ರೂಪಾಯಿ. 'ತಲೆ ಎತ್ತಿ ಒಂದ್ಸಲನಾದ್ರೂ ನೋಡಿದ್ಯಾ?' ಅಂತ ಅವ್ವ ಕೇಳಿದಳು.

'ಎಲ್ಲಕ್ಕಾ, ಸೌತೆಕಾಯಿ ಸೀಳೋವಾಗ ಮೇಲೆ ನೋಡಿದ್ರೆ ಬೆರಳು ಹೋಗುತ್ತೆ.'

21ನೇ ತಾರೀಕು ಬೆಳಗ್ಗೆ ಚಿಕ್ಕಪ್ಪನ ಫೋನು ಬಂತು. 'ಅಂಗಡಿ ತೆಗ್ದೆ ಮಗಾ.' ಹಿಂದೆ ಕೋಳಿಗಳ ಗಲಾಟೆ ಕೇಳುತ್ತಿತ್ತು. ಮಗಳು ಫೋನು ಕಿತ್ತುಕೊಂಡು, 'ತಾತ, ಹದ್ದು ಬಂದ್ವಾ?' ಅಂದಳು.

'ಬಂದವೆ ಕಣವ್ವ, ಎರಡು. ಕಂಬದ ಮ್ಯಾಲೆ ಕುಂತವೆ.'